ಅಪ್ಪನಿಗೆ ಉಳಿದ ಮಾತು

ಅಪ್ಪನ ಬಲಗೈಯೂ ಮಾತೂ ಒಂದೇ ಬೆಳಿಗ್ಗೆ ಹೋದವು. ಮೆಹದಿಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದವರು ಹಾಳೆ ತಿರುವಲು ಹೋಗಿ, ಆಗದೆ, ಅದನ್ನೇ ನೋಡುತ್ತ ಉಳಿದುಬಿಟ್ಟಿದ್ದರು. ನಾನು ಆಫೀಸಿಗೆ ಹೊರಟಿದ್ದೆ. ಚಹಾ ಆರುತ್ತಿದೆ ಎಂದಾಗ ಅವರು ಕತ್ತೆತ್ತಿ ನೋಡಿದ ರೀತಿ ಈಗಲೂ ಕಣ್ಣಮುಂದೆ ಇದೆ. ಹೊರಟ ಬಸ್ಸಿನ ಕಿಟಕಿಯಿಂದ ಗುರುತಿನವರನ್ನು ಕಂಡವರ ನೋಟ ಅದು. ಏನೋ ಹೇಳುವುದಿದೆ, ಬಸ್ಸು ನಿಲ್ಲುವುದಿಲ್ಲ.

ಆಸ್ಪತ್ರೆಯಲ್ಲಿ ಎಂಟು ದಿನ ಅವರು ಒಂದು ಅಕ್ಷರವನ್ನೂ ಆಡಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ, ಹಸಿರು ಪರದೆಯಿಂದ ಸೋಸಿ ಬಂದ ಬೆಳಕು ಅವರ ಮುಖದ ಮೇಲೆ ಕೆರೆಯ ನೀರಿನಂತೆ ಆಡುತ್ತಿರುವಾಗ, ತುಟಿ ಅಲುಗಿತು. ನಾನೂ ಅವ್ವನೂ ಬಗ್ಗಿ ಕಿವಿಗೊಟ್ಟೆವು.

"ನಮಃ ಶಿವಾಯ," ಎಂದರು ಅಪ್ಪ.

ಅವ್ವ ಅವರ ಎರಡೂ ಪಾದ ಹಿಡಿದುಕೊಂಡು ಮಂಚದ ತುದಿಯಲ್ಲಿ ಕುಸಿದು ಕೂತಳು. ನನಗೆ ಆಗ ನಲವತ್ತೈದು ವರ್ಷ. ಅಷ್ಟು ವರ್ಷಗಳಲ್ಲಿ ಅಪ್ಪನ ಬಾಯಲ್ಲಿ ದೇವರ ಹೆಸರನ್ನು ನಾನು ಕೇಳಿರಲೇ ಇಲ್ಲ.

ಅಪ್ಪ ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಕೊರಳಲ್ಲಿ ಲಿಂಗವಿರಲಿಲ್ಲ, ಹಣೆಯಲ್ಲಿ ವಿಭೂತಿಯಿರಲಿಲ್ಲ. ಗುಡಿಗೆ ಹೋದರೆ ಹೊರಗೆ ನಮ್ಮೆಲ್ಲರ ಚಪ್ಪಲಿ ಕಾಯುತ್ತ ನಿಲ್ಲುತ್ತಿದ್ದರು. ಆದರೆ ಯಾರನ್ನೂ ಹಂಗಿಸಿದವರಲ್ಲ. ಅವ್ವನ ಪೂಜೆಗೆ ದಿನಾ ಹೂ ತರುತ್ತಿದ್ದವರು ಅವರೇ. "ಹೂ ನಿನಗ ತಂದೀನಿ, ಅಂವಗಲ್ಲ," ಎಂದು ಅವಳ ಕೈಗೆ ಪೊಟ್ಟಣ ಕೊಡುತ್ತಿದ್ದರು. ಅವ್ವ ನಕ್ಕು ಅದನ್ನು ದೇವರ ಮುಂದೆ ಇಡುತ್ತಿದ್ದಳು.

ಡಾಕ್ಟರು ಹುಡುಗ ವಯಸ್ಸಿನವರು. ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ನನಗೆ ತಿಳಿಸಿ ಹೇಳಿದರು. ಮೆದುಳಿನಲ್ಲಿ ಭಾಷೆ ಇರುವ ಜಾಗಕ್ಕೇ ಪೆಟ್ಟು ಬಿದ್ದಿದೆ. ಎಳವೆಯಲ್ಲಿ ಬಾಯಿಪಾಠವಾದದ್ದು ಬೇರೆ ಮೂಲೆಯಲ್ಲಿ ಇರುವುದರಿಂದ ಕೆಲವೊಮ್ಮೆ ಅದಷ್ಟೇ ಉಳಿದುಕೊಳ್ಳುತ್ತದೆ. ಒಬ್ಬರಿಗೆ ಹಾಡು ಉಳಿಯುತ್ತದೆ, ಇನ್ನೊಬ್ಬರಿಗೆ ಬೈಗುಳ. ನಾನು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಕೇಳುತ್ತಲೇ ಇದ್ದಳು, ಆದರೆ ಕಣ್ಣು ಅಪ್ಪನ ತುಟಿಯ ಮೇಲಿತ್ತು.

"ಡಾಕ್ಟರ್ ಏನರ ಅನ್ಲಿ ಬಿಡವಾ. ಐವತ್ತು ವರ್ಷ ಬೇಡಕೊಂಡೀನಿ. ಕಡೀಗೂ ಬಂದ ಅಂವ, ಇವರ ಬಾಯಾಗ ಬಂದು ಕುಂತಾನ," ಎಂದಳು.

ಮನೆಗೆ ಕರೆತಂದ ಮೇಲೆ ಊರಿನಿಂದ ಅತ್ತೆ ಬಂದಳು. ವಿಜಯಪುರದ ಕಡೆಯ ಹಳ್ಳಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವಳು ಕಾಲು ತೊಳೆದದ್ದೇ ಅಣ್ಣನ ಮಂಚಕ್ಕೆ ಹಣೆ ಹಚ್ಚಿದಳು. ಅಪ್ಪ ಎಡಗೈಯನ್ನು ಅವಳ ತಲೆಯ ಮೇಲಿಟ್ಟು ಉಳಿದ ಆ ಮಾತನ್ನೇ ಹೇಳಿದರು. ಅತ್ತೆ ಗಳಗಳ ಅತ್ತಳು. ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ನನಗೊಂದು ಕತೆ ಹೇಳಿದಳು. ಅವಳನ್ನು ಹೆರುವಾಗ ತಾಯಿ ಎರಡು ದಿನ ನೋವು ತಿಂದಳಂತೆ. ಎಂಟು ವರ್ಷದ ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತು ಶಿವನ ಹೆಸರು ಹೇಳುತ್ತಲೇ ಇದ್ದನಂತೆ. ತಾಯಿ ಹೋದಳು, ಕೂಸು ಉಳಿಯಿತು. ಊರೆಲ್ಲ ಅಂದದ್ದು ಒಂದೇ ಮಾತು. ಅಣ್ಣನ ಜಪ ತಂಗಿಯನ್ನು ಉಳಿಸಿತು. ಆ ಮಾತನ್ನು ಕೇಳಿಕೊಂಡೇ ತಾನು ಬೆಳೆದೆ, ಇವತ್ತಿಗೂ ದೀಪ ಹಚ್ಚುವಾಗ ಅಣ್ಣನನ್ನು ನೆನೆಯುತ್ತೇನೆ ಎಂದಳು ಅತ್ತೆ.

ಅದೇ ದಿನದ ಕತೆಯನ್ನು ಅಪ್ಪ ನನಗೆ ಬೇರೆ ರೀತಿ ಹೇಳಿದ್ದರು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಇಬ್ಬರೂ ಕೋಠಿ ಪೇಟೆಗೆ ಹೋಗಿ ಹಳೆಯ ಪುಸ್ತಕ ಕೊಂಡು, ಬಸ್ಸಿಗೆ ಕಾಯುತ್ತ ನಿಂತಿದ್ದೆವು. ದೇವರನ್ನು ಯಾಕೆ ನಂಬುವುದಿಲ್ಲ ಎಂದು ಸುಮ್ಮನೆ ಕೇಳಿದ್ದೆ. ಬಸ್ಸು ಬಂದು ಹೋದರೂ ಅವರು ಹತ್ತಲಿಲ್ಲ. ಅಜ್ಜ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಕೂಸಿನ ಅಳು ಕೇಳುವವರೆಗೂ ಹೇಳುತ್ತಲೇ ಇರು, ನೀನು ಹೇಳುತ್ತಿರುವ ತನಕ ನಿನ್ನ ಅವ್ವನಿಗೆ ಏನೂ ಆಗುವುದಿಲ್ಲ ಎಂದಿದ್ದರಂತೆ. ಹುಡುಗ ಬೆಳಗಿನಿಂದ ಹೇಳಿದ. ಬಿಸಿಲು ಕಟ್ಟೆಯ ಮೇಲೆ ತೆವಳಿ ಬಂತು, ಬೇವಿನ ನೆರಳು ಅತ್ತಿಂದಿತ್ತ ಸರಿಯಿತು, ನಾಲಿಗೆ ದಪ್ಪವಾಯಿತು. ಕಂಬಕ್ಕೆ ಒರಗಿದ್ದಷ್ಟೇ ಗೊತ್ತು. ಎಚ್ಚರವಾದಾಗ ಒಳಗೆ ಹೆಂಗಸರು ಅಳುತ್ತಿದ್ದರು. ಹೊರಗೆ ಬಂದ ಅಜ್ಜ, "ನಿದ್ದಿ ಮಾಡಿದೇನೋ?" ಎಂದು ಕೇಳಿದ್ದು ಒಂದೇ ಮಾತು.

"ಎಷ್ಟೋ ವರ್ಷ ನಾನೇ ಕೊಂದೀನಿ ಅನ್ಕೊಂಡಿದ್ದೆ," ಎಂದರು ಅಪ್ಪ. "ಆಮ್ಯಾಲ ಒಂದಿನ ವಿಚಾರ ಮಾಡಿದೆ. ಎಂಟು ವರ್ಷದ ಹುಡುಗ ತೂಕಡಿಸಿದ ಅಂತ ಅವನ ತಾಯೀನ ಒಯ್ಯೋ ದೇವರು ಇದ್ರೂ ನನಗ ಬ್ಯಾಡ. ಆವತ್ತಿಂದ ಹಗರಾದೆ."

ಅವ್ವನಿಗೆ ಇದು ಗೊತ್ತಿರಲಿಲ್ಲ. ಹೆಂಡತಿಯ ಭಕ್ತಿಗೆ ನೋವಾದೀತೆಂದು ಅಪ್ಪ ಹೇಳಿರಲಿಕ್ಕಿಲ್ಲ. ಅತ್ತೆ ಊರಿಗೆ ಹೋದ ಮೇಲೆ ನಾನು ಹೇಳಿದೆ. ನನ್ನಲ್ಲಿ ಸಿಟ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಜೀವಮಾನವಿಡೀ ದೂರವಿಟ್ಟ ಮಾತನ್ನೇ ಕೊನೆಗೆ ಕಾಯಿಲೆ ಅಪ್ಪನ ಬಾಯಿಗೆ ತುರುಕಿದ್ದನ್ನು ಎಲ್ಲರೂ ಕೃಪೆ ಎಂದು ಕರೆಯುತ್ತಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು. ಸುಲಿದ ಕಾಳುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳ ಪೂಜೆಯಲ್ಲಿ ಧ್ವನಿ ಇರಲಿಲ್ಲ. ದೀಪ, ಹೂವು, ವಿಭೂತಿ ಎಲ್ಲವೂ ಎಂದಿನಂತೆ ನಡೆದವು, ತುಟಿ ಮಾತ್ರ ಮುಚ್ಚಿತ್ತು. ವಾರ ಕಳೆದರೂ ಹಾಗೇ. ದೇವರ ಮೇಲೆ ಸಿಟ್ಟೇ ಎಂದು ಕೇಳಿದೆ.

"ಸಿಟ್ಟಲ್ಲ," ಎಂದಳು. "ಅದು ಈಗ ಇವರ ಮಾತು ಐತಿ. ಇವರ ಹತ್ರ ಇರೋದು ಅದೊಂದ. ನಾನೂ ಅದನ್ನ ಅಂದ್ರ, ಇವರು ನೀರು ಬೇಡಿದ್ದು ಯಾವುದು, ನಾ ಜಪ ಮಾಡಿದ್ದು ಯಾವುದು?"

ಅಲ್ಲಿಂದ ಮುಂದೆ ನಾವಿಬ್ಬರೂ ಅಪ್ಪನ ಭಾಷೆ ಕಲಿತೆವು. ಒಂದೇ ಮಾತು, ರಾಗ ಹತ್ತಾರು. ಕೊನೆಯನ್ನು ಎಳೆದರೆ ಫ್ಯಾನು ಜೋರಾಗಬೇಕು. ಗಂಟಲಲ್ಲೇ ಗೊಣಗಿದರೆ ಮಗ್ಗುಲು ಬದಲಿಸಬೇಕು. ಎರಡು ಸಲ ಬೇಗಬೇಗ ಅಂದರೆ ಬೆಡ್‌ಪ್ಯಾನ್. ಅವ್ವ ಉಪ್ಪು ಮರೆತ ದಿನ ಅವರು ಅದನ್ನು ಹೇಳಿದ ಧಾಟಿಯಲ್ಲಿ ಶಿವ ಇದ್ದಿದ್ದರೆ ಓಡಿಹೋಗುತ್ತಿದ್ದ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ತಾವೂ ಅರ್ಧ ಮುಖದಲ್ಲಿ ನಕ್ಕರು.

ಶಿವರಾತ್ರಿಯ ದಿನ ಓಣಿಯ ತುದಿಯ ಗುಡಿಯಲ್ಲಿ ಮೈಕು ಹಾಕಿದ್ದರು. ಬೆಳಗಿನಿಂದ ಸಂಜೆಯವರೆಗೆ ನೂರಾರು ಗಂಟಲುಗಳು ಅದನ್ನೇ ಹೇಳುತ್ತಿದ್ದವು. ಅಪ್ಪನಿಗೆ ಹಿಂಸೆಯಾದೀತೆಂದು ನಾನು ಕಿಟಕಿ ಹಾಕಲು ಹೋದೆ. ಅವರು ಎಡಗೈ ಎತ್ತಿ ತಡೆದರು. ಮೂವರೂ ಕೂತು ಕೇಳಿದೆವು. ಇಳಿಬಿಸಿಲು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ಕೇಳುತ್ತ ಕೇಳುತ್ತ ನನ್ನ ಕಿವಿಗೆ ಅದು ಮಂತ್ರವಾಗಿ ಉಳಿಯಲಿಲ್ಲ. ಅಷ್ಟೂ ಜನ ಅಷ್ಟೂ ಹಾಸಿಗೆಗಳಿಂದ ಕೂಗುತ್ತಿದ್ದಾರೆ, ಒಬ್ಬನಿಗೆ ಬಾಯಾರಿದೆ, ಒಬ್ಬಳಿಗೆ ಬೆನ್ನು ಹತ್ತಿ ಉರಿಯುತ್ತಿದೆ, ಯಾರಿಗೋ ಬಾಗಿಲು ತೆರೆಯಬೇಕಾಗಿದೆ ಎಂದೆನ್ನಿಸಿತು. ಅವ್ವನಿಗೂ ಹಾಗೆಯೇ ಕೇಳಿಸಿರಬೇಕು. "ಎಷ್ಟು ಮಂದಿ ಏನೇನು ಬೇಡಾಕತ್ತಾರೋ," ಎಂದು ತನ್ನಷ್ಟಕ್ಕೇ ಅಂದಳು.

ಬೇಸಗೆ ಬರುವ ಹೊತ್ತಿಗೆ ಅಪ್ಪ ಇಳಿದುಹೋಗಿದ್ದರು. ಊಟ ಎರಡು ಚಮಚೆಗೆ ನಿಂತಿತು. ಹಗಲೆಲ್ಲ ಜೋಂಪು. ಆದರೆ ನಿದ್ದೆಗೆ ಜಾರುವ ಗಳಿಗೆಯಲ್ಲಿ ಬೆಚ್ಚಿ ಕಣ್ಣು ತೆರೆದು ಆ ಮಾತನ್ನು ಬಡಬಡ ಹೇಳತೊಡಗುತ್ತಿದ್ದರು. ಇದು ಯಾವ ರಾಗವೆಂದು ನಮಗೆ ತಿಳಿಯಲಿಲ್ಲ. ಫ್ಯಾನಲ್ಲ, ನೀರಲ್ಲ, ನೋವೂ ಅಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಮಂಚದ ಪಕ್ಕ ಕೂತಿದ್ದೆ. ಹೊರಗೆ ತಳ್ಳುಗಾಡಿಯವನ ಕೂಗು ದೂರವಾಗುತ್ತಿತ್ತು, ಪರದೆ ಉಸಿರಾಡುತ್ತಿತ್ತು. ಅಪ್ಪ ಮತ್ತೆ ಶುರುಮಾಡಿದರು. ಎಳೆಯ ಮಕ್ಕಳು ಮಗ್ಗಿ ಒಪ್ಪಿಸುವ ಧಾಟಿ, ಒಂದರ ಬಾಲಕ್ಕೆ ಇನ್ನೊಂದು ಪೋಣಿಸಿದ ಹಾಗೆ. ಆಗ ನನಗೆ ಕಂಡಿತು. ಅವರು ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಎಳೆಯುತ್ತಿತ್ತು, ಮಲಗಲು ಹೆದರಿಕೆ.

ಅವರ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ.

"ಮಲಗ್ರಿ ಅಪ್ಪಾ," ಎಂದೆ. "ನಿಮಗ ನಿದ್ದಿ ಬಂದ್ರ ಯಾರಿಗೂ ಏನೂ ಆಗಂಗಿಲ್ಲ. ನಾ ಎಚ್ಚರ ಇರ್ತೀನಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅರ್ಥವಾಯಿತೋ ಇಲ್ಲವೋ ಹೇಳಲಾರೆ. ಮಾತು ನಿಧಾನವಾಯಿತು, ತುಂಡಾಯಿತು, ನಿಂತಿತು. ಬಾಯಿ ತುಸು ತೆರೆದು ನಿದ್ದೆ ಹೋದರು. ಬಿಸಿಲು ಗೋಡೆಯಿಂದ ಇಳಿದು ಹೋಗುವವರೆಗೂ ನಾನು ಕೈ ಬಿಡಲಿಲ್ಲ.

ಆಮೇಲೆ ಇಪ್ಪತ್ತು ದಿನ ಇದ್ದರು. ಹೋದದ್ದು ಬೆಳಗಿನ ಹೊತ್ತು, ಅವ್ವ ಒಬ್ಬಳೇ ಹತ್ತಿರ ಇದ್ದಾಗ. ಅತ್ತೆ ಮತ್ತೆ ಬಂದಳು. ಕೊನೆಯ ಗಳಿಗೆಯಲ್ಲಿ ಅಣ್ಣ ಏನಾದರೂ ಅಂದನೇ ಎಂದು ಕೇಳಿದಳು. ಅವ್ವ ಹೌದೆಂದು ತಲೆಯಾಡಿಸಿ ಆ ಮಾತನ್ನು ಹೇಳಿದಳು. ಎಷ್ಟೋ ತಿಂಗಳ ನಂತರ ಅವಳ ಬಾಯಲ್ಲಿ ಅದನ್ನು ಕೇಳಿದೆ. ಅತ್ತೆ ಕೈಮುಗಿದು, ನನ್ನಣ್ಣ ಪುಣ್ಯವಂತ, ಶಿವನ ಹೆಸರು ಹೇಳುತ್ತಲೇ ಹೋದ ಎಂದು ಬಂದವರಿಗೆಲ್ಲ ಹೇಳುತ್ತ ತಿರುಗಿದಳು. ಆ ದುಃಖದಲ್ಲೂ ಅವಳ ಮುಖದಲ್ಲಿ ಬೆಳಕಿತ್ತು.

ನನ್ನ ಸಿಟ್ಟು ಮತ್ತೆ ತಲೆಯೆತ್ತಿತು. ಅಡುಗೆಮನೆಗೆ ಹೋದೆ. ಅವ್ವ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಹೇಳಿದಳು.

"ನೀರು ಕೇಳಿದ್ರವಾ. ಕೊಟ್ಟೆ. ಎರಡು ಗುಟುಕು ಕುಡದ್ರು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಕಿಗ್ಯಾಕ ಹೇಳೋದು. ಆಕಿ ಹುಟ್ಟಿದ ದಿನಾನೇ ತಾಯಿ ಹೋಗ್ಯಾಳ. ಆ ನಂಬಿಕಿನೂ ಕಸಗೊಂಡ್ರ ಆಕಿಗೆ ಏನು ಉಳೀತು?"

ಅಪ್ಪ ತಮಗೆ ಯಾವ ಶಾಸ್ತ್ರವೂ ಬೇಡವೆಂದು ಹಿಂದೆ ಹೇಳಿದ್ದರು. ಅತ್ತೆಯ ಸಲುವಾಗಿ ಒಂದಿಷ್ಟು ನಡೆದವು. ನಾನು ತಕರಾರು ಮಾಡಲಿಲ್ಲ. ಅಪ್ಪ ಇದ್ದಿದ್ದರೆ ಹೊರಗೆ ನಿಂತು ಚಪ್ಪಲಿ ಕಾಯುತ್ತಿದ್ದರು, ಅಷ್ಟೇ.

ಈಗ ಮನೆಯಲ್ಲಿ ನಾವಿಬ್ಬರೇ. ನಾನು ನಂಬುವವಳಾಗಿಲ್ಲ, ಆಗುವ ಲಕ್ಷಣವೂ ಕಾಣುವುದಿಲ್ಲ. ಹೂ ತರುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ. ಅಪ್ಪ ಹೋದ ಮೇಲೆ ಅವ್ವ ಮೊದಲಿನಂತೆ ದನಿಯೆತ್ತಿ ಪೂಜೆ ಮಾಡುತ್ತಾಳೆಂದುಕೊಂಡಿದ್ದೆ, ಹಾಗಾಗಲಿಲ್ಲ. ಹೂವಿಟ್ಟು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಾಳೆ, ಮೊದಲಿಗಿಂತ ಹೆಚ್ಚು ಹೊತ್ತು. ಬಾಯಲ್ಲಿ ಏನೂ ಇಲ್ಲದೆ ಅಷ್ಟು ಹೊತ್ತು ಏನು ಮಾಡುತ್ತೀ ಎಂದು ಮೊನ್ನೆ ಕೇಳಿದೆ.

"ಏನಿಲ್ಲವಾ, ಕೇಳ್ತೀನಿ," ಎಂದಳು.

ಬೇಡುವ ಕೇಳುವಿಕೆಯೋ, ಕಿವಿಗೊಟ್ಟು ಕೂರುವ ಕೇಳುವಿಕೆಯೋ, ನಾನು ಬಿಡಿಸಿ ವಿಚಾರಿಸಲಿಲ್ಲ. ಆಫೀಸಿಗೆ ಹೊತ್ತಾಗಿತ್ತು. ಅವಳಿಗೆ ಸದ್ದಾಗದಂತೆ ಬಾಗಿಲನ್ನು ಎಳೆದುಕೊಂಡು ಬಸ್‌ ಸ್ಟಾಪಿನ ಕಡೆ ನಡೆದೆ.