ಪಕ್ಕದ ಮನೆಯ ಜಾಝ್ ಆಂಟಿ

ಹೋದ ವಾರ ಶಿಡ್ಲಘಟ್ಟದಲ್ಲಿ ಬಸ್ಸಿಳಿದೆ. ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲೇ ನಿಂತುಬಿಟ್ಟೆ. ಮದುವೆಯಾಗಿ ಗೌರಿಬಿದನೂರಿನಿಂದ ಆ ಊರಿಗೆ ಹೋದ ಮೊದಲ ದಿನ ಇದೇ ವಾಸನೆಗೆ ವಾಂತಿ ಮಾಡಿಕೊಂಡಿದ್ದೆ. ಪಕ್ಕದ ಮನೆಯ ಆಂಟಿ ಓಡಿ ಬಂದು, ನಿಂಬೆಹಣ್ಣು ಮೂಗಿಗೆ ಹಿಡಿದು, "ಒಂದ್ ವಾರ ಅಷ್ಟೇ ಮಾ, ಆಮೇಲೆ ಮೂಗೇ ಸತ್ತೋಗತ್ತೆ" ಅಂದಿದ್ದರು.

ಆಂಟಿ ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರು. ಒಂಟಿ ಹೆಂಗಸು. ವಯಸ್ಸಿನಲ್ಲಿದ್ದಾಗ ಬೆಂಗಳೂರು ಕಂಟೋನ್ಮೆಂಟಿನ ದೊಡ್ಡ ಹೋಟೆಲುಗಳಲ್ಲಿ ಜಾಝ್ ಹಾಡುತ್ತಿದ್ದರಂತೆ. ಒಂದು ಸಲ ಹೋಟೆಲಿನ ಅಡುಗೆಯವರು ಮುಷ್ಕರಕ್ಕೆ ಕೂತಾಗ ಇವರೂ ಮೈಕು ಕೆಳಗಿಟ್ಟು ಅವರ ಪಕ್ಕ ಹೋಗಿ ಕೂತರಂತೆ. ಆಮೇಲೆ ಯಾವ ಹೋಟೆಲಿನವರೂ ಕರೆಯಲಿಲ್ಲ. ಇದನ್ನೆಲ್ಲ ಹೇಳಿದ್ದು ನನ್ನೊಬ್ಬಳಿಗೇ. ಮೊಣಕಾಲುದ್ದದ ಗೌನು ಹಾಕಿಕೊಂಡು ಕಣ್ಣುಮುಚ್ಚಿ ಹಾಡುತ್ತಿರುವ ಫೋಟೋ ತೋರಿಸಿ, "ನಿನ್ನಲ್ಲೇ ಇರ್ಲಿ ಕಣಮ್ಮ" ಅಂದಿದ್ದರು. ಇರುತ್ತಾ ನನ್ನಲ್ಲಿ? ನನ್ನ ಬಾಯಿಗಿಷ್ಟು ಮಣ್ಣು ಹಾಕ!

ನಮ್ಮ ಬೀದಿಯ ತುದಿಯಲ್ಲಿ ಗೂಡಿನಿಂದ ನೂಲು ಬಿಚ್ಚುವ ಫಿಲೇಚರ್ ಇತ್ತು. ಕುದಿಯೋ ನೀರಲ್ಲಿ ಕೈಯಿಟ್ಟು ಕೆಲಸ ಮಾಡುವ ಹೆಂಗಸರ ಬೆರಳು ಬೆಂದು ಸಿಪ್ಪೆ ಸುಲಿದಿರುತ್ತಿತ್ತು. ಅನ್ನ ಕಲಸೋಕೂ ಆಗುತ್ತಿರಲಿಲ್ಲ. ವಾರಕ್ಕೊಂದು ದಿನ ರಜೆ, ಕೈಗೆ ಮುಲಾಮು. ಅವರು ಕೇಳಿದ್ದು ಇಷ್ಟೇ. ಮಾಲೀಕರು ಕಿವಿಗೇ ಹಾಕಿಕೊಳ್ಳಲಿಲ್ಲ. ಆಂಟಿ ಎಲ್ಲರನ್ನೂ ಸೇರಿಸಿ ಗೇಟಿನ ಮುಂದೆ ಕೂರಿಸಿದರು. ಮೈಕಿಗೆ ಪರ್ಮಿಷನ್ ಸಿಗಲಿಲ್ಲ. ಸಿಗದಿದ್ದರೆ ಏನಂತೆ, ಎದ್ದು ನಿಂತು ಹಾಡಿದರು ನೋಡಿ... "ಕೈ ನೋಡಯ್ಯಾ, ನಮ್ಮ ಕೈ ನೋಡು" ಅಂತ. ಮಾತು ಕನ್ನಡ, ಧಾಟಿ ಅವರ ಜಾಝಿನದು. ಅಷ್ಟು ದಪ್ಪ ದನಿ, ಅಷ್ಟು ನೋವು, ಆ ಸಣಕಲು ಮೈಯೊಳಗೆ ಎಲ್ಲಿತ್ತೋ! ಮೈ ಜುಂ ಅಂತು ನನಗೆ. ಮೂರನೇ ದಿನ ಮಾಲೀಕರೇ, ನಾಳೆ ಮಾತಾಡೋಣ ಅಂತ ಹೇಳಿಕಳಿಸಿದರು.

ಅದೇ ಸಂಜೆ ಬೀದಿ ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ನನಗೆ ಹೆಮ್ಮೆ ತಡೆಯಲಾಗಲಿಲ್ಲ. "ನಮ್ಮಾಂಟಿನ ಏನನ್ಕೊಂಡಿದ್ದೀರಾ? ಬೆಂಗಳೂರಲ್ಲಿ ದೊಡ್ಡ ದೊಡ್ಡ ಹೋಟ್ಲಲ್ಲಿ ಹಾಡ್ತಿದ್ರು. ಗೌನ್ ಹಾಕ್ಕೊಂಡು! ಗಂಡಸ್ರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು!"

ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಆಂಟಿ ಮತ್ತು ಇನ್ನೊಬ್ಬಳು, ಅಷ್ಟೇ. ಅವಳನ್ನೂ ಅವಳ ಗಂಡ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾ, "ಹೋಟ್ಲಲ್ಲಿ ಕುಣಿಯೋಳ ಜೊತೆ ಮರ್ಯಾದಸ್ತ ಹೆಂಗಸ್ರು ಕೂರಲ್ಲ!" ಅಂತ ಕೂಗಿದ. ಹಾಡಿದ್ದು ಬೆಳಗಾಗೋದ್ರೊಳಗೆ ಕುಣಿದದ್ದಾಗಿತ್ತು. ಮಾಲೀಕರು ಬರಲೇ ಇಲ್ಲ. ಮಾರನೇ ದಿನ ಹೆಂಗಸರೆಲ್ಲ ಅದೇ ಕುದಿಯೋ ನೀರಿಗೆ ಕೈ ಹಾಕಿದರು.

ಕಾನ್ವೆಂಟಿನವರೂ ಬರಬೇಡಿ ಅಂದುಬಿಟ್ಟರು. ವಾರದಲ್ಲೇ ಆಂಟಿ ಊರು ಬಿಟ್ಟರು. ಸಾಮಾನು ಕಟ್ಟಲು ನಾನೇ ಹೋಗಿದ್ದೆ. ಟ್ರಂಕಿಗೆ ಹಗ್ಗ ಬಿಗಿಯುತ್ತಾ, ನನ್ನ ಮುಖ ನೋಡದೆ ಕೇಳಿದರು: "ಯಾರು ಹೇಳಿರ್ಬಹುದು ಮಾ?"

"ಗೊತ್ತಿಲ್ಲ ಆಂಟಿ" ಅಂದೆ.

"ಹೋಗ್ಲಿ ಬಿಡು" ಅಂದರು.

ಕೆಲವು ವರ್ಷಕ್ಕೆ ನಾವೂ ಚಿಕ್ಕಬಳ್ಳಾಪುರಕ್ಕೆ ಬಂದೆವು. ಆಂಟಿಯನ್ನು ಹುಡುಕುವ ಧೈರ್ಯ ನನಗೆ ಬರಲಿಲ್ಲ...

ಹೋದ ವಾರ ಆ ಬಸ್‌ಸ್ಟ್ಯಾಂಡಿನಲ್ಲಿ, ಆಗ ಫಿಲೇಚರಿನಲ್ಲಿದ್ದ ಒಬ್ಬ ಅಜ್ಜಿ ನನ್ನ ಗುರುತು ಹಿಡಿದರು. "ನಿಮ್ಮಾಂಟಿ ತೀರ್ಹೋಗಿ ಎರಡು ವರ್ಷ ಆಯ್ತಲ್ಲಮ್ಮ. ಚಿಂತಾಮಣಿ ಕಡೆ ಇಟ್ಟಿಗೆ ಕೆಲಸದ ಹೆಂಗಸ್ರ ಜೊತೆ ಕೊನೇವರೆಗೂ ಹಾಡ್ಕೊಂಡಿದ್ರು" ಅಂದರು. ಆಮೇಲೆ ನನ್ನ ಕೈ ಹಿಡಿದು, "ಅವತ್ತು ನಲ್ಲಿ ಹತ್ರ ನಾನೂ ಇದ್ದೆ ಕಣಮ್ಮ. ನೀನಂದಿದ್ದನ್ನ ಮಾರನೇ ದಿನವೇ ಅವ್ರಿಗೆ ಹೇಳ್ದೆ. 'ಹೊಸದಾಗಿ ಬಂದಿರೋ ಹುಡುಗಿ, ಈ ಊರಲ್ಲಿ ಬಾಳ್ಬೇಕು, ಯಾರ್ಗೂ ಹೇಳ್ಬೇಡ' ಅಂದ್ಬಿಟ್ರು" ಅಂದರು.

ಸಿಡಿಲು ಬಡಿದ ಹಾಗಾಯಿತು ನನಗೆ. ಅಂದರೆ... ಅವತ್ತು ನನ್ನನ್ನು ಕೇಳುವಾಗಲೇ ಅವರಿಗೆ ಎಲ್ಲ ಗೊತ್ತಿತ್ತು! ನಾನೇ ಬಾಯಿ ಬಿಡಲಿ ಅಂತ ಕಾದಿದ್ದರು. "ನಾನೇ ಆಂಟಿ, ತಪ್ಪಾಯ್ತು" ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಒಂದು ವಾರದಿಂದ ಕೂತಲ್ಲಿ ನಿಂತಲ್ಲಿ ಅದನ್ನೇ ಅನ್ನುತ್ತಿದ್ದೇನೆ. ಕೇಳಿಸಿಕೊಳ್ಳೋಕೆ ಅವರಿಲ್ಲ.