ನ್ಯಾಮತಿ ಹೊಲದ ಒಂಬತ್ತು ಗೀಜಗ

ಬಲೆಗೆ ಬಿದ್ದ ಹಕ್ಕಿಯ ಕಾಲಿನಿಂದ ಒಂದೊಂದೇ ಎಳೆ ಬಿಡಿಸಿ, ರೆಕ್ಕೆಗೆ ನೋವಾಗದಂತೆ ಹೊರತೆಗೆಯುವುದರಲ್ಲಿ ಕೊಟ್ರಮ್ಮನದು ಎತ್ತಿದ ಕೈ. ಜಗಳೂರು ಕಡೆಯ ಸೊಕ್ಕೆಯಲ್ಲಿ ಅವಳಪ್ಪ ಲಾವಕ್ಕಿ ಹಿಡಿದು ಮಾರುತ್ತಿದ್ದ. ಕತ್ತು ತಿರುಚುವುದನ್ನು ಅವಳು ಹತ್ತನೇ ವಯಸ್ಸಿಗೇ ಕಲಿತಿದ್ದಳು. ಅರಣ್ಯ ಇಲಾಖೆಯವರು ಅಪ್ಪನನ್ನು ಹಿಡಿದುಕೊಂಡು ಹೋದ ಮೇಲೆ ಆ ಮನೆಯಲ್ಲಿ ಯಾರೂ ಬಲೆ ಮುಟ್ಟಲಿಲ್ಲ. ಐವತ್ತು ದಾಟಿದ ಮೇಲೆ ಅದೇ ಕೈಚಳಕ ಅವಳಿಗೊಂದು ಕೆಲಸ ತಂದುಕೊಟ್ಟಿತು. ಹಕ್ಕಿಗಳ ಗರಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಆಶಾ, ಇಲಾಖೆಯ ಅನುಮತಿ ಪತ್ರ ತೋರಿಸಿ ಅವಳ ಭಯ ಬಿಡಿಸಿ, ಹೊನ್ನಾಳಿಗೆ ಕರೆತಂದಿದ್ದಳು.

ಹಕ್ಕಿಗೆ ಗರಿ ಬೆಳೆಯುವಾಗ ಅದು ತಿಂದದ್ದರ ಗುರುತು ಗರಿಯಲ್ಲೇ ಉಳಿಯುತ್ತದೆ, ಭತ್ತ ತಿಂದ ಗುರುತೇ ಬೇರೆ, ಜೋಳ ತಿಂದ ಗುರುತೇ ಬೇರೆ ಎಂದು ಆಶಾ ಹೇಳಿದ್ದಳು. ಎದೆಯ ಮೂರು ಗರಿ ಸಾಕು, ಹಕ್ಕಿಯನ್ನು ಅಲ್ಲೇ ಬಿಡಬೇಕು. ಹೊನ್ನಾಳಿಯ ಹೊಳೆದಂಡೆಯ ಭತ್ತದ ಗದ್ದೆಯಲ್ಲೂ ನ್ಯಾಮತಿಯ ಜೋಳದ ಹೊಲದಲ್ಲೂ ಗೀಜಗ ಹಿಡಿದು ಹೋಲಿಸುವುದು ಅವರ ಯೋಜನೆ.

ಜನವರಿಯ ಒಂದು ಬೆಳಿಗ್ಗೆ ಆಶಾ ಹೊನ್ನಾಳಿ ಗದ್ದೆಯಲ್ಲಿದ್ದಳು. ನ್ಯಾಮತಿಯ ರಘುನಾಥನ ಹೊಲದಲ್ಲಿ ಕೊಟ್ರಮ್ಮ ಒಬ್ಬಳೇ. ಜೋಳದ ತೆನೆ ಹಾಲು ತುಂಬಿ ನಿಂತಿತ್ತು. ಬಲೆಗೆ ಒಮ್ಮೆಲೇ ಒಂಬತ್ತು ಗೀಜಗ ಬಿದ್ದವು. ಒಂದೊಂದನ್ನೂ ಒಂದೊಂದು ಬಟ್ಟೆ ಚೀಲಕ್ಕೆ ಹಾಕಿ ಬೇವಿನ ಕೊಂಬೆಗೆ ತೂಗುಹಾಕಿದಳು. ಮೊದಲ ಹಕ್ಕಿಯ ಗರಿ ತೆಗೆದು ಲಕೋಟೆಗೆ ಹಾಕಿ, ಅಂಗೈ ಬಿಚ್ಚಿದಳು. ಅದು ಹಾರಿ ನೇರ ಜೋಳದ ಮೇಲೆ ಕೂತಿತು.

ಬದುವಿನ ಮೇಲೆ ರಘುನಾಥ ನಿಂತಿದ್ದ.

"ಏನಮ್ಮ, ಹಿಡಿದದ್ದನ್ನ ಬಿಡ್ತಿದೀಯಾ?"

"ಬಿಡಲೇಬೇಕು ಗೌಡ್ರೇ. ಮೇಡಂ ಹೇಳಿದ್ರಲ್ಲ."

"ಹಿಡಿಯಾಕೆ ಬರ್ತೀವಿ ಅಂದ್ರು, ಹೂಂ ಅಂದೆ. ಹಿಡಿದು ನನ್ನ ತೆನೆ ಮೇಲೇ ಬಿಡ್ತೀರಿ ಅಂತ ಯಾರಿಗೆ ಗೊತ್ತಿತ್ತು?" ಅವನು ದಾಪುಗಾಲು ಹಾಕಿ ಬಂದು ಉಳಿದ ಎಂಟೂ ಚೀಲಗಳನ್ನು ಕೊಂಬೆಯಿಂದ ಕಿತ್ತುಕೊಂಡ. ಚೀಲಗಳು ಅವನ ಮುಷ್ಟಿಯಲ್ಲಿ ಮಿಸುಕಾಡಿದವು. "ಇವೆಲ್ಲಾ ಹೊಳೆ ಕಡೆಯಿಂದ ಬರೋವು. ನಿನ್ನ ಕೈಲಿ ಆಗಲ್ಲ ಅಂದ್ರೆ ನಾನೇ ಕತ್ತು ತಿರುಚ್ತೀನಿ."

ಬಿಸಿಲು ಏರುತ್ತಿತ್ತು. ಚೀಲದೊಳಗೆ ಹೆದರಿದ ಹಕ್ಕಿ ಹೆಚ್ಚು ಹೊತ್ತು ತಾಳುವುದಿಲ್ಲ. ಕಸಿದುಕೊಳ್ಳಹೋದರೆ ಅವನ ಹಿಡಿತ ಬಿಗಿಯಾಗುತ್ತದೆ.

"ಗೌಡ್ರೇ, ತಿರುಚಿದ್ದು ನಾನು ನಿಮಗಿಂತ ಜಾಸ್ತಿ. ಎಂಟು ಸತ್ತ ಮಾತ್ರಕ್ಕೆ ಹೊಲ ಉಳಿಯಲ್ಲ. ಆ ಕಡೆ ನೋಡ್ರಿ."

ಹೊಲದ ಮೇಲೆ ನೂರಾರು ಗೀಜಗ ಒಂದೇ ಸಲ ಎದ್ದು ಮತ್ತೆ ಇಳಿದವು.

"ಎಂಟಾದ್ರೂ ಕಮ್ಮಿ ಆಗ್ತವೆ," ಎಂದು ಅವನು ಒಂದು ಚೀಲದ ಬಾಯಿಗೆ ಕೈ ಹಾಕಿದ.

"ತಡೀರಿ! ನಾನು ಕಾಯ್ತೀನಿ. ತೆನೆ ಕೊಯ್ಯೋ ತನಕ ದಿನಾ ಬೆಳಿಗ್ಗೆ, ಸಂಜೆ ಕವಣೆ ಹಿಡ್ಕೊಂಡು ನಿಮ್ಮ ಅಟ್ಟಣೆ ಮೇಲೆ ನಿಲ್ತೀನಿ. ಇವನ್ನ ಕೊಡ್ರಿ."

"ಕೂಲಿ ಕೇಳ್ತೀಯಾ?"

"ಕೇಳಲ್ಲ."

ಅವನು ಅವಳ ಮುಖವನ್ನೇ ನೋಡಿದ. ಅವಳು ಕೈ ಚಾಚಿ ಹಾಗೇ ನಿಂತಿದ್ದಳು. ಕೊನೆಗೆ ಅವನು ಚೀಲಗಳನ್ನು ಅವಳ ಕೈಗೆ ತುರುಕಿ, "ಒಂದು ದಿನ ತಪ್ಪಿದ್ರೂ ಬಲೆ ಸುಟ್ಟುಬಿಡ್ತೀನಿ," ಎಂದ.

ಅವಳು ನೆಲಕ್ಕೆ ಕೂತು ಬೇಗ ಬೇಗ ಗಂಟು ಬಿಚ್ಚಿದಳು. ಗರಿ ತೆಗೆದದ್ದೇ ತಡ, ಏಳು ಹಾರಿದವು. ಎಂಟನೆಯದು ಅಂಗೈಯಲ್ಲೇ ತಲೆ ವಾಲಿಸಿತು. ಅದರ ಗರಿಯನ್ನೂ ತೆಗೆದು ಲಕೋಟೆಗೆ ಹಾಕುವಾಗ ಅವಳಿಗೆ ಕಣ್ಣೀರು ಬಂತು. ಎಳೆತನದಲ್ಲಿ ನೂರಾರು ಹಕ್ಕಿ ಕೊಂದಾಗ ಬಾರದ ಕಣ್ಣೀರು ಈಗ ಯಾಕೆ ಎಂದು ಅವಳಿಗೇ ತಿಳಿಯಲಿಲ್ಲ.

ಸಂಗತಿ ಕೇಳಿದ ಆಶಾ, "ನನ್ನನ್ನ ಕೇಳದೆ ಹೀಗೆ ಮಾತು ಕೊಡೋದಾ ಕೊಟ್ರಮ್ಮ?" ಎಂದು ಗದರಿದಳು. ಆದರೂ ಮರುದಿನದಿಂದ ತಾನೇ ಅವಳನ್ನು ಬೈಕಿನಲ್ಲಿ ಬಿಟ್ಟು ಬರತೊಡಗಿದಳು. ಹದಿನಾರು ದಿನ ಕೊಟ್ರಮ್ಮ ಅಟ್ಟಣೆಯ ಮೇಲೆ ಡಬ್ಬ ಬಡಿದಳು, ಕವಣೆ ಬೀಸಿದಳು. ತೋಳು ಊದಿಕೊಂಡಿತು. ಐದನೇ ದಿನದಿಂದ ರಘುನಾಥನ ಮನೆಯಿಂದ ರೊಟ್ಟಿ, ಪಲ್ಯ ಬರತೊಡಗಿದವು.

ಗರಿಗಳ ಪರೀಕ್ಷೆಯ ಫಲ ಬಂದದ್ದು ಮಳೆಗಾಲ ಹಿಡಿದ ಮೇಲೆ. ಒಂಬತ್ತರಲ್ಲಿ ಎಂಟು ಹಕ್ಕಿಯ ಗರಿ ಹೊನ್ನಾಳಿ ಗದ್ದೆಯ ಹಕ್ಕಿಗಳ ಗರಿಯ ಹಾಗೇ ಭತ್ತದ ಗುರುತು ತೋರಿತು. ಇವು ಹೊಳೆ ಕಡೆಯಿಂದ ಬರೋವು ಎಂದು ರಘುನಾಥ ಹೇಳಿದ್ದೇ ನಿಜವಿರುವ ಹಾಗಿತ್ತು.

"ಒಂಬತ್ತೇ ಹಕ್ಕಿ, ಇಷ್ಟರಿಂದ ಖಚಿತವಾಗಿ ಹೇಳೋಕಾಗಲ್ಲ," ಎಂದಳು ಆಶಾ. "ಆದ್ರೆ ಇದನ್ನ ಕೇಳಿದ್ರೆ ಅವನು ತಂದೇ ಸರಿ ಅಂತ ನಮ್ಮನ್ನ ಹೊಲದ ಹತ್ತಿರಕ್ಕೂ ಬಿಡಲ್ಲ."

"ಮುಚ್ಚಿಟ್ಟರೆ ಆ ಸತ್ತ ಹಕ್ಕಿ ದಂಡಕ್ಕೆ ಸತ್ತಂಗೆ ಮೇಡಂ," ಎಂದು ಕೊಟ್ರಮ್ಮ ನ್ಯಾಮತಿ ಬಸ್ಸು ಹತ್ತಿದಳು.

ರಘುನಾಥ ಎಲ್ಲ ಕೇಳಿದ. "ಹಂಗಾದ್ರೆ ನಾನ್ ಹೇಳಿದ್ದೇ ಸರಿ ಐತಲ್ಲ?"

"ಹೌದು ಗೌಡ್ರೇ. ಗದ್ದೆ ಕೊಯ್ಲು ಮುಗಿದ ಮೇಲೆ ಈ ಕಡೆ ಬರ್ತಾವೆ ಅಂತ ಕಾಣ್ತದೆ. ಹೊನ್ನಾಳಿ ಕೊಯ್ಲು ನೋಡ್ಕೊಂಡು ಮೊದ್ಲೇ ಕಾವಲು ಹಾಕ್ರಿ."

ಅವನು ಒಳಗೆ ತಿರುಗಿ ಹೆಂಡತಿಗೆ ಚಹಾ ಇಡಲು ಕೂಗಿ ಹೇಳಿದ. "ಈ ಸಲಾನೂ ಬಲೆ ಕಟ್ಟಾಕೆ ಬರ್ತೀರಾ?"

"ನೀವು ಹೂಂ ಅಂದ್ರೆ. ಆದ್ರೆ ಹಿಡಿದದ್ದನ್ನ ಬಿಡ್ತೀವಿ."

"ಬರ್ರಿ," ಎಂದ ಅವನು, ಅವಳ ಮುಖ ನೋಡದೆ.