ಸಿದ್ದಮ್ಮನ ಬಲಗೈ

ಹೊಲಿಗೆ ಹಾಕಿದ್ದರೆ ಮತ್ತೆ ಮೇಲೇಳಬಹುದಾಗಿದ್ದ ಒಂದು ಕೈಯನ್ನು ನಾನು ಕಟ್ಟಿಹಾಕಿ ಒಣಗಿಸಿದೆ. ತಿಳಿಯದೆ ಅಲ್ಲ. ತಿಳಿದೇ — ಡಾಕ್ಟರರ ಚೀಟಿ ಓದಿಯೇ.

ನಮ್ಮದು ಗೋಗಿಯಲ್ಲಿ ಎಲುಬು ಕಟ್ಟುವ ಮನೆ. ಮುತ್ಯಾ, ಅಂದರೆ ನನ್ನಜ್ಜ, ನನಗೆ ಕೈಯ ಕೆಲಸದ ಜೊತೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ: ಮೂರು ಕಟ್ಟು ಮುಗಿಯುವ ತನಕ ಪಟ್ಟಿಯನ್ನು ನಾವಲ್ಲದೆ ಇನ್ನೊಬ್ಬರು ಬಿಚ್ಚಬಾರದು, ಒಳಗಿನ ಮೈಯನ್ನು ನೋಡಲೂಬಾರದು. ಆ ಕಟ್ಟಳೆಯ ಹಿಂದೆ ಏನೆಲ್ಲ ಬಚ್ಚಿಡಬಹುದು ಎಂಬುದು ನನಗೆ ಗೊತ್ತಾದದ್ದು ಸಿದ್ದಮ್ಮ ಬಂದ ಮೇಲೆ.

ಸಿದ್ದಮ್ಮ ಸುರಪುರದಲ್ಲಿ ಖಾನಾವಳಿ ನಡೆಸುವಾಕೆ. ಗಂಡನಿಲ್ಲ, ಒಬ್ಬಳೇ ಮಗಳು. ಬಲಗೈಯಿಂದ ರೊಟ್ಟಿ ಬಡಿದೇ ಮನೆ ನಡೆಯಬೇಕು. ಶೇರ್ ಆಟೋ ಉರುಳಿ ಆಕೆಯ ಬಲಭುಜದ ಕೀಲು ತಪ್ಪಿತ್ತು. ಯಾದಗಿರಿಯ ಡಾಕ್ಟರು ಕೀಲು ಕೂರಿಸಿದ್ದರು, ಆದರೆ ಕೈ ಮೇಲೇಳಲಿಲ್ಲ. ಕೊಯ್ಯಬೇಕು ಅಂದರೆಂದು ಹೆದರಿ ನನ್ನಲ್ಲಿಗೆ ಬಂದಳು. ಬಂದವಳೇ, ನಿಮ್ಮ ಕೈಗುಣ ಛಲೋ ಅಂತಾರ್ರಿ ಅಣ್ಣಾ, ನನ್ನ ಕೈ ಏಳಲಿಲ್ಲಂದ್ರ ನೀವೇ ಬಂದು ರೊಟ್ಟಿ ಬಡೀಬೇಕು ನೋಡ್ರಿ ಎಂದು ನಕ್ಕಳು. ಓದು ಬಾರದ ಆಕೆ ಡಾಕ್ಟರರ ಚೀಟಿಯನ್ನು ನನ್ನ ಕೈಗಿಟ್ಟಳು.

ಚೀಟಿ ಕನ್ನಡದಲ್ಲೇ ಇತ್ತು. ಕೈ ಎತ್ತುವ ಸ್ನಾಯು ಎಲುಬಿನಿಂದ ಕಿತ್ತುಬಂದಿದೆ. ಸಣ್ಣ ರಂಧ್ರ ಮಾಡಿ, ದುರ್ಬೀನು ಇಳಿಸಿ ಹೊಲಿಯಬಹುದು; ಅದಾಗದಿದ್ದರೆ ತೆರೆದು ಹೊಲಿಯಬೇಕು. ಬೇಗ ಬನ್ನಿ — ತಡವಾದರೆ ಸ್ನಾಯು ಒಳಗೆ ಸರಿದು ಸವೆದುಹೋಗುತ್ತದೆ, ಆಮೇಲೆ ಕೀಲನ್ನೇ ಬದಲಿಸುವ ದೊಡ್ಡ ಆಪರೇಷನ್ ಒಂದೇ ಉಳಿಯಬಹುದು.

ನಾನು ಆಕೆಯ ಕೈಯನ್ನು ಎತ್ತಿ ಬಿಟ್ಟೆ. ಅದು ಬಿದ್ದ ರೀತಿ... ಜೀವವಿದ್ದವರ ಕೈ ಹಾಗೆ ಬೀಳುವುದಿಲ್ಲ. ಡಾಕ್ಟರು ಬರೆದದ್ದು ನಿಜ ಎಂದು ನನ್ನ ಹೆಬ್ಬೆರಳಿಗೂ ಗೊತ್ತಾಯಿತು. ಆದರೆ ಆಕೆಯ ಹಿಂದೆ ಇನ್ನೂ ಐದಾರು ಜನ ಕುಳಿತಿದ್ದರು, ನನ್ನ ಕೈಗುಣ ನಂಬಿ ಬಂದವರು, ನನ್ನನ್ನೇ ನೋಡುತ್ತಿದ್ದರು.

"ಕೊಯ್ಯಲೇಬೇಕಂತ ಏನೂ ಬರದಿಲ್ಲ, ತಂಗಿ. ಆರಾಮ ಮಾಡಂತ ಬರದಾರ," ಎಂದೆ. "ಮೂರು ಕಟ್ಟು ಮುಗಿಯೋ ತನಕ ಬ್ಯಾರೆಯವರ ಕೈ ಮುಟ್ಟಿಸಬ್ಯಾಡ."

ಉದ್ದಿನ ಹಿಟ್ಟು, ತತ್ತಿಯ ಬಿಳಿ ಕಲಸಿ ಹಚ್ಚಿ ಕಟ್ಟಿದೆ. ಎರಡನೆಯ ಕಟ್ಟಿಗೆ ಬಂದಾಗ ಆಕೆ ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು:

"ಅಣ್ಣಾ, ಈ ಕೈ ನಂದಲ್ಲ ಅನಸ್ತದ್ರಿ. ಯಾರೋ ಬಾಜೂಕ ಬಂದು ಕುಂತಂಗ ಆಗ್ತದ."

ಅವತ್ತಿನಿಂದ ಆ ಕೈ ನನ್ನಲ್ಲಿಗೂ ಬರತೊಡಗಿತು — ಬೇರೆ ಹೇಗೆ ಹೇಳಲಿ? ಹಾಡಹಗಲು ಊಟಕ್ಕೆ ಕುಳಿತಾಗ ಬಲಮಗ್ಗುಲಿಂದ ಒಂದು ಕೈ ತಟ್ಟೆಯತ್ತ ಚಾಚಿ, ಅರ್ಧಕ್ಕೇ ನಿಲ್ಲುತ್ತಿತ್ತು. ತಿರುಗಿದರೆ ಗೋಡೆ. ಹೆಂಡತಿಗೆ ಹೇಳಲಿಲ್ಲ. ಆ ಮಗ್ಗುಲಿಗೆ ಕೂರುವುದನ್ನೇ ಬಿಟ್ಟೆ.

ಮೂರನೆಯ ಕಟ್ಟು ಬಿಚ್ಚಿದಾಗ ಎಡಭುಜ ಸಿದ್ದಮ್ಮನದು, ಬತ್ತಿದ ಬಲಭುಜ ಯಾರೋ ಮುದುಕಿಯದು. ಆಗಲಾದರೂ... ಇಲ್ಲ. ಎಣ್ಣೆ ತಿಕ್ಕು ಎಂದು ಇನ್ನೊಂದು ವರ್ಷ ಸವೆಸಿದೆ. ಕೊನೆಗೆ ಮಗಳು ಹಟ ಹಿಡಿದು ಯಾದಗಿರಿಗೆ ಕರೆದೊಯ್ದಳು. ಸಿದ್ದಮ್ಮ ಕರೆದಳೆಂದು ನಾನೂ ಹೋಗಿದ್ದೆ. ಇನ್ನು ಹೊಲಿಯಲು ಏನೂ ಉಳಿದಿಲ್ಲ, ಇಷ್ಟು ತಡ ಯಾಕೆ ಎಂದು ಡಾಕ್ಟರು ಕೇಳಿದರು. "ನಾನೇ ಅಂಜಿದೆ ಬಿಡ್ರಿ," ಎಂದಳು ಸಿದ್ದಮ್ಮ. ನಾನು ಬಾಗಿಲ ಬಳಿ ನಿಂತೇ ಇದ್ದೆ. ಕೀಲು ಬದಲಿಸಲು ಆಕೆ ಒಪ್ಪಲಿಲ್ಲ. ಖಾನಾವಳಿ ಮುಚ್ಚಿತು.

ಎಂಟು ವರ್ಷ ಕಳೆದವು. ಹೋದ ವಾರ ಆಕೆ ಮತ್ತೆ ಬಂದಳು. ಮಗಳು ಮೆಟ್ಟಿಲ ಮೇಲೆ ಜಾರಿ ಬಿದ್ದು ಭುಜ ಹಿಡಿದುಕೊಂಡಿದ್ದಳು. ನೀವೇ ಕಟ್ರಿ ಅಣ್ಣಾ ಎಂದು ಆ ಹುಡುಗಿಯನ್ನು ನನ್ನ ಮುಂದೆ ಕೂರಿಸಿದಳು.

ನಾನು ಮುಟ್ಟಲಿಲ್ಲ. ದವಾಖಾನೆಗೆ ಈಗಲೇ ಹೋಗಿರಿ ಎಂದೆ. ಯಾಕ್ರಿ ಎಂದಳು. ಹೇಳಿದೆ. ಚೀಟಿಯಲ್ಲಿದ್ದ ಒಂದೊಂದು ಸಾಲನ್ನೂ ಹೇಳಿದೆ. ಅವು ನನಗೆ ಬಾಯಿಪಾಠವಾಗಿದ್ದವು.

ಸಿದ್ದಮ್ಮ ತನ್ನ ಬಲಗೈಯನ್ನು ನೋಡಿದಳು. ಆಮೇಲೆ ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಎತ್ತಿ, ನನಗೆ ಕಾಣದಂತೆ ಸೆರಗಿನೊಳಗೆ ಇಟ್ಟುಕೊಂಡಳು. ಮಗಳನ್ನು ಮುಂದೆ ಮಾಡಿಕೊಂಡು ಬಸ್ಸಿನ ದಾರಿ ಹಿಡಿದಳು.